ಮನೆಗೆ ಮೊದಲ ಸೆಡಾನ್: ಬೇಮಳಖೇಡದ ಕಡೆಯವರಿಗೆ ಒಂದು ಪರಿಚಯ

ಹೊಸ ಕಾರು ಮನೆಗೆ ಬಂದಾಗ ಕೀಲಿಕೈ ಜೊತೆ ಒಂದು ದಪ್ಪ ಪುಸ್ತಕವೂ ಬರುತ್ತದೆ. ಪೂಜೆ, ಪೇಡೆ, ಫೋಟೊ ಎಲ್ಲ ಮುಗಿದ ಮೇಲೆ ಆ ಪುಸ್ತಕ ಪ್ಲಾಸ್ಟಿಕ್ ಕವರಿನ ಸಮೇತ ಡ್ಯಾಶ್‌ಬೋರ್ಡಿನ ಖಾನೆ ಸೇರಿ ಅಲ್ಲಿಯೇ ಉಳಿದುಬಿಡುತ್ತದೆ. ದಯವಿಟ್ಟು ಅದನ್ನು ಹೊರಗೆ ತೆಗೆಯಿರಿ. ಯಾವ ಕೆಲಸ ಎಷ್ಟು ಕಿಲೋಮೀಟರಿಗೆ ಮಾಡಿಸಬೇಕು ಎಂಬ ಪಟ್ಟಿ ಅದರಲ್ಲಿದೆ. ಬಹಳಷ್ಟು ಕಂಪನಿಗಳ ಪುಸ್ತಕದಲ್ಲಿ ಆ ಪಟ್ಟಿಯ ಕೆಳಗೋ ಹಿಂದೆಯೋ ಇನ್ನೊಂದು ಪಟ್ಟಿ ಇರುತ್ತದೆ. ಧೂಳಿನ ದಾರಿ, ಅತಿ ಬಿಸಿಲು, ಪದೇ ಪದೇ ಸಣ್ಣ ಓಡಾಟ, ತುಂಬು ಭಾರ, ಇವು ನಿಮ್ಮ ಕಡೆ ಇದ್ದರೆ ಅದೇ ಕೆಲಸಗಳನ್ನು ಬೇಗ ಮಾಡಿಸಿ ಎಂದು ಅದು ಹೇಳುತ್ತದೆ. ಚಿಟಗುಪ್ಪಾ ತಾಲೂಕಿನ ನಮ್ಮ ಬೇಮಳಖೇಡದಲ್ಲಿ ಈ ನಾಲ್ಕೂ ಇವೆ. ಷೋರೂಮಿನವರು ಬಾಯಲ್ಲಿ ಹೇಳುವುದು ಮೊದಲ ಪಟ್ಟಿ, ನಮಗೆ ಅನ್ವಯಿಸುವುದು ಎರಡನೆಯದು. ಮುಂದೆ ನಾನು ಹೇಳುವುದೆಲ್ಲ ಈ ಒಂದು ಮಾತಿನ ವಿವರಣೆ.

ಮೊದಲು ಗಾಡಿಯ ಪರಿಚಯ. ಎಂಜಿನ್ನಿಗೆ ಮುಂದೆ ಒಂದು ಭಾಗ, ಜನಕ್ಕೆ ನಡುವೆ ಒಂದು, ಸಾಮಾನಿಗೆ ಹಿಂದೆ ಬೇರೆಯೇ ಡಿಕ್ಕಿ, ಹೀಗೆ ಮೂರು ಭಾಗದ ಕಾರು ಸೆಡಾನ್. ಇದರಲ್ಲಿ ಎರಡು ಅಳತೆ ನಮ್ಮ ಕಡೆ ಓಡಾಡುತ್ತವೆ. ಡಿಜೈರ್, ಅಮೇಜ್, ಔರಾ ಇವು ನಾಲ್ಕು ಮೀಟರ್ ಒಳಗಿನವು. ಹೋಂಡಾ ಸಿಟಿ, ಹ್ಯುಂಡೈ ವರ್ನಾ, ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್ ಇವು ನಾಲ್ಕೂವರೆ ಮೀಟರ್ ಆಸುಪಾಸಿನ ಮಧ್ಯಮ ಗಾತ್ರದವು. ಆ ಅರ್ಧ ಮೀಟರಿಗೆ ಬೆಲೆ ಇದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿವರೆಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ 18, ಅದಕ್ಕಿಂತ ದೊಡ್ಡದಕ್ಕೆ ಶೇ 40. ಹಾಗಾದರೆ ದೊಡ್ಡದು ಯಾಕೆ ಬೇಕು? ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಜಾಗ ಹೆಚ್ಚು, ಡಿಕ್ಕಿ ಐನೂರು ಲೀಟರ್ ದಾಟುತ್ತದೆ, ಹೆದ್ದಾರಿಯಲ್ಲಿ ವೇಗ ಹಿಡಿದಾಗ ಗಾಡಿ ರಸ್ತೆಗೆ ಅಂಟಿಕೊಂಡು ಹೋಗುತ್ತದೆ. ಬೇಮಳಖೇಡದಿಂದ 65ನೇ ರಾಷ್ಟ್ರೀಯ ಹೆದ್ದಾರಿ ಸೇರಿದರೆ ಒಂದು ಕಡೆ ಜಹೀರಾಬಾದ್, ಹೈದರಾಬಾದ್. ಇನ್ನೊಂದು ಕಡೆ ಹುಮನಾಬಾದ್, ಬಸವಕಲ್ಯಾಣದ ಸಸ್ತಾಪುರ ಬಂಗ್ಲಾ, ಉಮರ್ಗಾ, ಸೋಲಾಪುರ. ದವಾಖಾನೆಗೆ, ಲಗ್ನದ ಜವಳಿಗೆ, ಮಕ್ಕಳ ಕಾಲೇಜಿಗೆ ಈ ದಾರಿಯಲ್ಲಿ ತಿಂಗಳಿಗೆ ಎರಡು ಮೂರು ಸಲ ಹೋಗುವ ಮನೆಗೆ ಮಧ್ಯಮ ಸೆಡಾನ್ ಸರಿಯಾದ ಗಾಡಿ.

ಆದರೆ ದಿನಾ ಹೊಲದ ದಾರಿಯಲ್ಲೇ ಓಡಿಸುವವರಿಗೆ ಇದು ಬೇಡ ಎಂದು ಈಗಲೇ ಹೇಳಿಬಿಡುತ್ತೇನೆ. ಸೆಡಾನಿನ ಹೊಟ್ಟೆ ನೆಲಕ್ಕೆ ಹತ್ತಿರ. ಸಿಟಿಯದು 165 ಮಿಲಿಮೀಟರ್, ಸ್ಲಾವಿಯಾದ್ದು 179. ಈ ಲೆಕ್ಕ ಖಾಲಿ ಗಾಡಿಯದು. ಐದು ಜನ ಕೂತು, ಡಿಕ್ಕಿಯಲ್ಲಿ ಎರಡು ಚೀಲ ತೊಗರಿಬೇಳೆ ಇಟ್ಟರೆ ಹಿಂಭಾಗ ಇನ್ನೂ ಇಳಿಯುತ್ತದೆ. ಊರೂರಿಗೆ ಮನಸ್ಸಿಗೆ ಬಂದ ಎತ್ತರದಲ್ಲಿ ಹಾಕಿದ ಸ್ಪೀಡ್ ಬ್ರೇಕರ್ ಮೇಲೆ ಆಗ ಹೊಟ್ಟೆ ಉಜ್ಜುವುದು ಖಂಡಿತ. ಮೊಣಕಾಲು ನೋವಿನ ಅಜ್ಜ, ಅಜ್ಜಿ ಮನೆಯಲ್ಲಿದ್ದರೆ ಅವರನ್ನು ಷೋರೂಮಿಗೆ ಕರೆದೊಯ್ದು ಕೂಡಿಸಿ, ಎಬ್ಬಿಸಿ ನೋಡಿ. ತಗ್ಗಿನ ಸೀಟಿನಿಂದ ಏಳುವುದು ಕೆಲವರಿಗೆ ಬಹಳ ತ್ರಾಸು.

ಡೀಸೆಲ್ ಬೇಕು ಎನ್ನುವವರು ನಮ್ಮಲ್ಲಿ ಹೆಚ್ಚು. ಟ್ರ್ಯಾಕ್ಟರ್ ಕಂಡ ಕಣ್ಣಿಗೆ ಅದು ಸಹಜವೂ ಹೌದು. 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಬಂದ ಮೇಲೆ ಒಂದೊಂದೇ ಡೀಸೆಲ್ ಸೆಡಾನ್ ನಿಂತುಹೋಯಿತು. 2023ರಲ್ಲಿ ಸಿಟಿ, ವರ್ನಾ ಎರಡರ ಡೀಸೆಲ್ ಮಾದರಿಗಳೂ ಹೋದವು. ಈಗ ಈ ಗಾತ್ರದಲ್ಲಿ ಹೊಸದು ಕೊಳ್ಳುವುದಾದರೆ ಪೆಟ್ರೋಲೇ. ವರ್ಷಕ್ಕೆ 10,000 ಕಿಲೋಮೀಟರ್ ಓಡಿಸುವ ಮನೆಗೆ ಅದರಲ್ಲಿ ನಷ್ಟವೇನಿಲ್ಲ. ಲೀಟರಿಗೆ 15 ಕಿಲೋಮೀಟರ್ ಕೊಟ್ಟರೆ ಸುಮಾರು 670 ಲೀಟರ್ ಬೇಕು. ಲೀಟರಿಗೆ ನೂರು ರೂಪಾಯಿ ಹಿಡಿದರೂ 67,000 ರೂಪಾಯಿ. ಕೊಳ್ಳುವ ಮುಂಚೆ ಇದನ್ನೂ, ವಿಮೆಯನ್ನೂ, ಸರ್ವಿಸಿಂಗ್ ಖರ್ಚನ್ನೂ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಸಾಲದ ಕಂತು ಮಾತ್ರ ಬರೆದುಕೊಂಡು ಗಾಡಿ ತಂದ ಮನೆಗಳಲ್ಲಿಯೇ ಸರ್ವಿಸಿಂಗ್ ತಪ್ಪುವುದು.

ಹಳೆಯದನ್ನು ಕೊಳ್ಳುವವರಿಗೆ ಹೇಳಬೇಕಾದ್ದು ಹೆಚ್ಚಿದೆ. ಯಾಕೆಂದರೆ ನಾವು ಮೂರು ರಾಜ್ಯ ಕೂಡುವ ಕಡೆ ಇದ್ದೇವೆ. ಬೀದರಿನ ಕೆಎ 38, ಭಾಲ್ಕಿಯ ಕೆಎ 39, ಬಸವಕಲ್ಯಾಣದ ಕೆಎ 56 ಎಷ್ಟು ಕಾಣುತ್ತವೋ, ಲಾತೂರಿನ ಎಂಎಚ್ 24, ಸೋಲಾಪುರದ ಎಂಎಚ್ 13, ಸಂಗಾರೆಡ್ಡಿಯ ಟಿಎಸ್ 15 ಫಲಕಗಳೂ ಅಷ್ಟೇ ಕಾಣುತ್ತವೆ. ಹೈದರಾಬಾದಿನಲ್ಲಿ ಕಾರು ಅಗ್ಗಕ್ಕೆ ಸಿಗುತ್ತದೆ ಎಂದು ಹೋಗುವವರು ಬಹಳ. ಅಗ್ಗಕ್ಕೆ ಸಿಗುವುದು ನಿಜ. ಆದರೆ ಅಲ್ಲಿಯ ಆರ್‌ಟಿಒದಿಂದ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ, ಮಾರಿದವರ ಸಹಿ ಇರುವ ಫಾರ್ಮ್ 29 ಮತ್ತು 30, ಸಾಲ ಇದ್ದರೆ ಅದು ತೀರಿದ್ದಕ್ಕೆ ಫಾರ್ಮ್ 35, ಇಷ್ಟು ಕೈಗೆ ಬರದೆ ರೊಕ್ಕ ಕೊಡಬೇಡಿ. ಕರ್ನಾಟಕದ ನಂಬರ್ ಪಡೆಯಲು ಇಲ್ಲಿಯ ಜೀವಾವಧಿ ತೆರಿಗೆ ಬೇರೆ ಕಟ್ಟಬೇಕು. ಅದನ್ನು ಕೂಡಿಸಿ ನೋಡಿದಾಗ ಬೀದರಿನ ಗಾಡಿಗೂ ಹೈದರಾಬಾದಿನ ಗಾಡಿಗೂ ಅಂತರ ಉಳಿಯದೇ ಹೋಗಬಹುದು. ಹೆಸರು ಬದಲಾಯಿಸದೆ ಹಳೆಯ ಮಾಲೀಕರ ಹೆಸರಿನಲ್ಲೇ ವರ್ಷಗಟ್ಟಲೆ ಓಡಿಸುವುದು ನಮ್ಮ ಕಡೆಯ ದೊಡ್ಡ ದುರಭ್ಯಾಸ. ಅಪಘಾತವಾದ ದಿನ ಕೋರ್ಟಿನಲ್ಲಿ ಕೊಂಡವರು, ಮಾರಿದವರು ಇಬ್ಬರೂ ಸಿಕ್ಕಿಬೀಳುತ್ತಾರೆ.

ಹೈದರಾಬಾದಿನ ಗಾಡಿಗೆ ಇನ್ನೊಂದು ಪರೀಕ್ಷೆ ಬೇಕು. 2020ರ ಅಕ್ಟೋಬರ್‌ನಲ್ಲಿ ಆ ಊರು ಮುಳುಗಿದಾಗ ಎಷ್ಟೋ ಕಾರುಗಳು ನೀರಿನಲ್ಲಿ ನಿಂತಿದ್ದವು. ತೊಳೆದು, ಪಾಲಿಶ್ ಮಾಡಿದರೆ ಹೊರಗಿನಿಂದ ಗುರುತೇ ಸಿಗುವುದಿಲ್ಲ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆಯಿರಿ. ಅದರ ಕೊನೆಯ ಒಂದು ಗೇಣು ಯಾರೂ ತೊಳೆಯುವುದಿಲ್ಲ, ಕೆಸರಿನ ಕಲೆ ಇದ್ದರೆ ಅಲ್ಲಿ ಕಾಣುತ್ತದೆ. ನೆಲದ ಕಾರ್ಪೆಟ್ ಎತ್ತಿ ಮೂಸಿ. ಸೀಟಿನ ಕೆಳಗಿನ ಕಬ್ಬಿಣದ ಹಳಿಗೆ ತುಕ್ಕು ಹಿಡಿದಿದೆಯೇ ನೋಡಿ. ಮೀಟರ್ 40,000 ತೋರಿಸುತ್ತ ಬ್ರೇಕ್ ಪೆಡಲಿನ ರಬ್ಬರ್ ನುಣ್ಣಗೆ ಸವೆದಿದ್ದರೆ ನಂಬಬೇಕಾದ್ದು ರಬ್ಬರನ್ನು. ಮಾರುವವರು “ಗಾಡಿ ಛಲೋ ಅದ, ಏನೂ ತ್ರಾಸಿಲ್ಲ” ಎನ್ನುವುದು ಇದ್ದದ್ದೇ. ಗಾಡಿ ನಂಬರ್ ಕೊಟ್ಟು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಹಿಂದಿನ ದಾಖಲೆ ಕೇಳಿದರೆ ಸತ್ಯ ತಿಳಿಯುತ್ತದೆ.

ಹಳೆಯದರಲ್ಲಿ ಯಾವುದು ಎಂದು ಕೇಳುವ ಹೊಸಬರಿಗೆ ನಾನು ಮೂರು ಹೆಸರು ಹೇಳುತ್ತೇನೆ. ರಾಮನಗರದ ಹತ್ತಿರ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾದ ಎಟಿಯೋಸ್ 2010ರ ಡಿಸೆಂಬರ್‌ನಲ್ಲಿ ಬಂದು 2020ರಲ್ಲಿ ನಿಂತಿತು. ನೋಟ ಸಾದಾ, ಒಳಗೆ ಆಡಂಬರವಿಲ್ಲ, ಡಿಕ್ಕಿ 595 ಲೀಟರ್, ಎಂಜಿನ್ ಗಟ್ಟಿ. ಟ್ಯಾಕ್ಸಿಯವರು ಅದನ್ನು ಲಕ್ಷಗಟ್ಟಲೆ ಕಿಲೋಮೀಟರ್ ಓಡಿಸಿದ್ದೇ ಅದರ ಪ್ರಮಾಣಪತ್ರ. ಅದೇ ಕಾರಣಕ್ಕೆ ಹಳದಿ ಫಲಕದಿಂದ ಬಿಳಿಗೆ ಬದಲಾದ ಗಾಡಿಯೇ ಎಂದು ಆರ್‌ಸಿಯ ಇತಿಹಾಸ ನೋಡಿಕೊಳ್ಳಬೇಕು. ಎರಡನೆಯದು ಮಾರುತಿ ಸಿಯಾಜ್. 2014ರಲ್ಲಿ ಬಂದು 2025ರಲ್ಲಿ ನಿಂತರೂ ಅದರ ಸಾಮಾನು, ಅದನ್ನು ಬಿಚ್ಚಿ ಕಟ್ಟಬಲ್ಲ ಮಿಸ್ತ್ರಿ ಎರಡೂ ಸುಲಭವಾಗಿ ಸಿಗುತ್ತವೆ. ಮೂರನೆಯದು 1998ರಿಂದ ಭಾರತದಲ್ಲಿರುವ ಹೋಂಡಾ ಸಿಟಿಯ ಪೆಟ್ರೋಲ್ ಗಾಡಿ. ಸಿಟಿಯ ಎಂಜಿನ್ ನನಗೆ ಎಲ್ಲಕ್ಕಿಂತ ಇಷ್ಟ, ಆದರೆ ಹಳ್ಳಿಯ ರಸ್ತೆಗೆ ಅದರ ತಗ್ಗು ಹೊಟ್ಟೆ ಕಷ್ಟ.

ಇನ್ನು ಆರೈಕೆ. ಎಂಜಿನ್ ಆಯಿಲಿನಿಂದ ಶುರು ಮಾಡೋಣ. ಹೆಚ್ಚಿನ ಪೆಟ್ರೋಲ್ ಕಾರುಗಳಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂದು ಮೊದಲ ಪಟ್ಟಿ ಹೇಳುತ್ತದೆ. ಬೆಳಗ್ಗೆ ಹತ್ತಿರದಲ್ಲೇ ಹೋಗಿ ಬಂದು, ಮತ್ತೆ ಸಂಜೆ ಸಂತೆಗೆ ಹೋಗಿ ಬರುವ ಗಾಡಿಯ ಎಂಜಿನ್ ಸರಿಯಾಗಿ ಕಾಯುವ ಮೊದಲೇ ಆರುತ್ತದೆ. ಸುಡದೆ ಉಳಿದ ಪೆಟ್ರೋಲಿನ ಅಂಶ, ನೀರಾವಿ ಎರಡೂ ಆಯಿಲಿನಲ್ಲಿ ಸೇರಿ ಅದರ ಜಿಡ್ಡಿನ ಗುಣ ಕೆಡಿಸುತ್ತವೆ. ಹಾಗಾಗಿ ನಮಗೆ 5,000ದಿಂದ 7,000 ಕಿಲೋಮೀಟರಿಗೆ ಬದಲಾವಣೆ ಒಳ್ಳೆಯದು. ನೋಡುವ ಕ್ರಮ ಹೀಗೆ: ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಐದು ಹತ್ತು ನಿಮಿಷ ಬಿಡಿ. ಡಿಪ್‌ಸ್ಟಿಕ್ ಎಳೆದು, ಅರಿವೆಯಿಂದ ಒರೆಸಿ, ಮತ್ತೆ ಪೂರ್ತಿ ಒಳಗೆ ಹಾಕಿ ತೆಗೆಯಿರಿ. ಎರಡು ಗುರುತಿನ ನಡುವೆ ಆಯಿಲ್ ಇರಬೇಕು. ಕೆಳಗಿನ ಗುರುತಿಗಿಂತ ಕಡಿಮೆ ಇದ್ದರೆ ಓಡಿಸಬೇಡಿ, ಮೇಲಿನ ಗುರುತು ದಾಟಿಸಿ ತುಂಬುವುದೂ ಕೆಟ್ಟದ್ದೇ. ಮನೆಯಲ್ಲಿ ಟ್ರ್ಯಾಕ್ಟರಿಗೆ ತಂದ 15ಡಬ್ಲ್ಯೂ-40 ಡಬ್ಬಿ ಇರುತ್ತದೆ, ಅದನ್ನೇ ಕಾರಿಗೂ ಸುರಿಯುವವರಿದ್ದಾರೆ. ಈಗಿನ ಪೆಟ್ರೋಲ್ ಎಂಜಿನ್ನಿಗೆ 5ಡಬ್ಲ್ಯೂ-30 ಅಥವಾ 0ಡಬ್ಲ್ಯೂ-20ರಂಥ ತೆಳುವಾದ ಆಯಿಲ್ ಬೇಕು. ನಿಮ್ಮ ಗಾಡಿಗೆ ಯಾವುದು ಎಂಬುದು ಪುಸ್ತಕದಲ್ಲಿದೆ, ಅಂಗಡಿಯವರ ಮಾತಿಗಿಂತ ಅದೇ ಪ್ರಮಾಣ. ವರ್ನಾ, ಸ್ಲಾವಿಯಾ, ವರ್ಟಸ್‌ಗಳ ಟರ್ಬೊ ಎಂಜಿನ್ ಇದ್ದರೆ ಹೆದ್ದಾರಿಯಲ್ಲಿ ಜೋರಾಗಿ ಓಡಿಸಿ ನಿಲ್ಲಿಸಿದಾಗ ಅರ್ಧ ನಿಮಿಷ, ಒಂದು ನಿಮಿಷ ಹಾಗೆಯೇ ಚಾಲೂ ಬಿಟ್ಟು ಆಮೇಲೆ ಆರಿಸಿ.

ನಮ್ಮ ಕಡೆ ಒಳ್ಳೆಯ ಎಂಜಿನ್ನುಗಳನ್ನು ಹಾಳು ಮಾಡುವುದು ಮುಖ್ಯವಾಗಿ ನೀರು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ರೇಡಿಯೇಟರ್ ಡಬ್ಬಿಯಲ್ಲಿ ಮಟ್ಟ ಇಳಿದದ್ದು ಕಂಡರೆ ಪಕ್ಕದ ಬೋರ್‌ವೆಲ್ಲಿನಿಂದ ಒಂದು ತಂಬಿಗೆ ತಂದು ಹಾಕಿಬಿಡುತ್ತಾರೆ. ಬೋರಿನ ನೀರು ಗಡಸು. ಚಹಾ ಕಾಯಿಸುವ ಪಾತ್ರೆಯ ಒಳಗೆ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲೂ ಕಟ್ಟುತ್ತದೆ. ಬರಬರುತ್ತ ನೀರು ಹರಿಯುವುದಿಲ್ಲ, ಎಂಜಿನ್ ಕಾಯುತ್ತದೆ, ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಹೋಗುತ್ತದೆ. ಆಗ ಬೀಳುವ ಖರ್ಚಿನಲ್ಲಿ ಹತ್ತಾರು ವರ್ಷದ ಕೂಲಂಟ್ ಕೊಳ್ಳಬಹುದು. ಕೂಲಂಟ್ ಬರೀ ಬಣ್ಣದ ನೀರಲ್ಲ. ಸಾದಾ ನೀರು 100 ಡಿಗ್ರಿಗೆ ಕುದಿಯುತ್ತದೆ. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿದ್ದು, ರೇಡಿಯೇಟರ್ ಮುಚ್ಚಳದ ಒತ್ತಡವೂ ಸೇರಿ, 120 ದಾಟುವವರೆಗೂ ಕುದಿಯುವುದಿಲ್ಲ. ತುಕ್ಕನ್ನೂ ತಡೆಯುತ್ತದೆ. ಬೆರೆಸಿಯೇ ಮಾರುವ ಡಬ್ಬಿ ತಂದರೆ ಅಳತೆಯ ಚಿಂತೆಯೂ ಇಲ್ಲ. ತಣ್ಣಗಿದ್ದಾಗ ಡಬ್ಬಿಯ ಮೇಲಿನ ಎರಡು ಗೆರೆಗಳ ನಡುವೆ ಮಟ್ಟ ಇರಬೇಕು. ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ತುಂಬುತ್ತ ಕೂರದೆ ತೋರಿಸಿ.

ದಾರಿಯಲ್ಲಿ ಬಿಸಿಯ ಮುಳ್ಳು ಏರಿದರೆ ಅಥವಾ ಕೆಂಪು ದೀಪ ಹತ್ತಿದರೆ ಮೊದಲು ಎಸಿ ಬಂದ್ ಮಾಡಿ. ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ತಿರುಗಿಸಿ. ಒಳಗೆ ಸೆಕೆಯಾಗುತ್ತದೆ, ಆದರೆ ಎಂಜಿನ್ನಿನ ಬಿಸಿ ಒಂದಿಷ್ಟು ಅಲ್ಲಿಂದ ಹೊರಬೀಳುತ್ತದೆ. ಬೇಗ ಪಕ್ಕಕ್ಕೆ ನಿಲ್ಲಿಸಿ ಆರಿಸಿ. ಅರ್ಧ ಗಂಟೆಯಾದರೂ ಮುಚ್ಚಳ ಮುಟ್ಟಬೇಡಿ. ಒಳಗಿನ ಒತ್ತಡಕ್ಕೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಹತ್ತಿರ ಮಕ್ಕಳಿದ್ದರೆ ದೂರ ಕಳಿಸಿ.

ಧೂಳಿನ ಮಾತು ಬಂದರೆ ನಮ್ಮ ಪಂಚಾಂಗವನ್ನೇ ನೋಡಬೇಕು. ದಸರೆಯ ಹೊತ್ತಿಗೆ ಸೋಯಾ ರಾಶಿ, ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ. ಮಷೀನಿನ ಹೊಟ್ಟು ಊರೆಲ್ಲ ಹಾರುತ್ತದೆ. ಏರ್ ಫಿಲ್ಟರ್ ಕಾಗದದ್ದು, ಅದರ ಮೇಲೆ ಹೊಟ್ಟು ಕೂತರೆ ಎಂಜಿನ್ನಿಗೆ ಉಸಿರು ಸಾಲದೆ ಗಾಡಿ ಎಳೆಯುವುದಿಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಪುಸ್ತಕದ ಮೊದಲ ಪಟ್ಟಿ ಹೇಳುವ ಕಿಲೋಮೀಟರ್ ಬಿಡಿ, ತೊಗರಿ ರಾಶಿ ಮುಗಿದ ವಾರ ಫಿಲ್ಟರ್ ತೆಗೆದು ನೋಡಿ. ಹೆಚ್ಚಿನ ಗಾಡಿಗಳಲ್ಲಿ ಕ್ಲಿಪ್ ಬಿಚ್ಚಿದರೆ ಸಾಕು. ಕೊಳೆ ಹೆಚ್ಚಿದ್ದರೆ ಹೊಸದು ಹಾಕಿ. ಎಸಿಯ ಕ್ಯಾಬಿನ್ ಫಿಲ್ಟರಿಗೂ ಇದೇ ಮಾತು.

ಟೈರಿನ ಬಗ್ಗೆ ಒಂದು ತಪ್ಪು ನಂಬಿಕೆ ಜೀವ ತೆಗೆಯುತ್ತಿದೆ. ಬೇಸಿಗೆಯಲ್ಲಿ ಟೈರ್ ಒಡೆಯುತ್ತದೆ, ಅದಕ್ಕೆ ಹವಾ ಕಡಿಮೆ ಹಾಕಿಸಬೇಕು ಎನ್ನುತ್ತಾರೆ. ಇದು ತಲೆಕೆಳಗು. ಹವಾ ಕಡಿಮೆಯಾದರೆ ಟೈರಿನ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚುತ್ತದೆ, ಆ ಮಡಚುವಿಕೆಯೇ ಬಿಸಿ ಹುಟ್ಟಿಸುತ್ತದೆ. ನೂರರ ವೇಗದಲ್ಲಿ ಹೈದರಾಬಾದ್ ದಾರಿಯಲ್ಲಿ ಟೈರ್ ಸಿಡಿಯಲು ಅದು ದೊಡ್ಡ ಕಾರಣ. ಎಷ್ಟು ಹವಾ ಎಂದು ಚಾಲಕರ ಬಾಗಿಲ ಪಕ್ಕದ ಚೀಟಿಯಲ್ಲಿ ಬರೆದಿದೆ, ಸಾಮಾನ್ಯವಾಗಿ 32, 33 ಪಿಎಸ್‌ಐ. ತುಂಬು ಭಾರಕ್ಕೆ ಹಿಂದಿನ ಟೈರಿಗೆ ಬೇರೆ, ಹೆಚ್ಚಿನ ಅಂಕಿ ಇರುತ್ತದೆ. ಮಾಣಿಕನಗರದ ಜಾತ್ರೆಗೋ ಚಾಂಗಲೇರಾದ ವೀರಭದ್ರೇಶ್ವರನಿಗೋ ಮನೆಮಂದಿಯೆಲ್ಲ ಹೊರಟಾಗ ಆ ಅಂಕಿ ನೋಡಿ. ಬೆಳಗ್ಗೆ, ಟೈರ್ ತಣ್ಣಗಿದ್ದಾಗಲೇ ಹವಾ ನೋಡಿಸಬೇಕು. ಸ್ಟೆಪ್ನಿಯನ್ನು ಮರೆಯಬೇಡಿ. ಟೈರಿನ ಮೇಲಿನ ಕೊರಕಲುಗಳ ಆಳ 1.6 ಮಿಲಿಮೀಟರಿಗೆ ಬಂದರೆ ಟೈರ್ ಮುಗಿಯಿತು, ಕಾನೂನೂ ಅದನ್ನೇ ಹೇಳುತ್ತದೆ. ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ: 2321 ಎಂದಿದ್ದರೆ 2021ರ 23ನೇ ವಾರ ತಯಾರಾದದ್ದು. ಹಳೆಯ ಗಾಡಿ ಕೊಳ್ಳುವಾಗ ಇದನ್ನು ಓದಿ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಉಪ್ಪು ನೀರೊಡೆಯುವ ಹಾಗೆ. ತೇವ ಸೇರಿದ ಆಯಿಲ್ ಬಿಸಿಗೆ ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ. ಮಟ್ಟ ಸರಿ ಇದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸಿ. ಬ್ಯಾಟರಿ ಬಿಸಿಲಿನ ಊರಲ್ಲಿ ಮೂರರಿಂದ ಐದು ವರ್ಷ ಬಾಳುತ್ತದೆ. ಬೆಳಗ್ಗೆ ಸೆಲ್ಫ್ ನಿಧಾನವಾದರೆ ಸೂಚನೆ ಸಿಕ್ಕಿತೆಂದು ತಿಳಿಯಿರಿ. ದನದ ಕೊಟ್ಟಿಗೆ, ಕಣಜದ ಪಕ್ಕ ಗಾಡಿ ನಿಲ್ಲಿಸುವವರಿಗೆ ಇಲಿ ಕಾಟ ತಪ್ಪಿದ್ದಲ್ಲ, ವೈರ್ ಕಡಿದರೆ ಸಾವಿರಗಟ್ಟಲೆ ಖರ್ಚು. ವಾರಕ್ಕೆರಡು ಸಲ ಬಾನೆಟ್ ಎತ್ತಿ ನೋಡುವುದು, ಗಾಡಿಯನ್ನು ಒಂದೇ ಕಡೆ ದಿನಗಟ್ಟಲೆ ನಿಲ್ಲಿಸದಿರುವುದು ಇವೇ ಇದಕ್ಕೆ ಮುಖ್ಯ ಉಪಾಯ.

ಯಾರ ಹತ್ತಿರ ಮಾಡಿಸಬೇಕು? ವಾರಂಟಿ ಇರುವವರೆಗೆ ಬೀದರಿನಲ್ಲೋ ಕಲಬುರಗಿಯಲ್ಲೋ ಕಂಪನಿಯ ಸೆಂಟರಿಗೇ ಹೋಗಿ, ಬಿಲ್ಲುಗಳನ್ನು ಒಂದು ಕಡೆ ಇಡಿ. ಆಮೇಲೆ ನಂಬಿಕೆಯ ಮಿಸ್ತ್ರಿ ಸಾಕು. ಬದಲಿಸಿದ ಹಳೆಯ ಸಾಮಾನನ್ನು ಕೇಳಿ ತೆಗೆದುಕೊಳ್ಳಿ, ಒಳ್ಳೆಯ ಮಿಸ್ತ್ರಿ ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಬಸವಕಲ್ಯಾಣದ ಆಟೋನಗರ ಲಾರಿ ಕೆಲಸಕ್ಕೆ ಸುತ್ತಲ ಜಿಲ್ಲೆಗಳಲ್ಲೆಲ್ಲ ಹೆಸರಾದದ್ದು, ಅಲ್ಲಿಯ ಕೈಗಳ ಮೇಲೆ ನನಗೆ ಗೌರವವಿದೆ. ಅಂಥ ಕಡೆ ಹಳೆಯ ಸಾಮಾನು ಹುಡುಕುವಾಗ ಒಂದು ಗೆರೆ ಹಾಕಿಕೊಳ್ಳಿ. ಕನ್ನಡಿ, ಬಂಪರ್, ಬಾಗಿಲು, ಹಿಂದಿನ ದೀಪ ಇವನ್ನು ಹಳೆಯದೇ ಹಾಕಿಸಬಹುದು. ಬ್ರೇಕ್, ಸ್ಟೇರಿಂಗ್, ಬೇರಿಂಗ್, ಬೆಲ್ಟ್, ಟೈರ್, ಏರ್‌ಬ್ಯಾಗ್ ಇವು ಹೊಸದೇ ಆಗಬೇಕು, ಅದೂ ಬಿಲ್ಲಿನ ಸಮೇತ.

ಕಾಗದದ ಮಾತು ಚಿಕ್ಕದಾಗಿ. ಮೂರನೇ ವ್ಯಕ್ತಿಯ ವಿಮೆ ಕಾನೂನಿನ ಕಡ್ಡಾಯ. ಹೊಸ ಕಾರಿಗೆ 2018ರ ಸೆಪ್ಟೆಂಬರ್‌ನಿಂದ ಅದನ್ನು ಮೂರು ವರ್ಷಕ್ಕೆ ಒಟ್ಟಿಗೆ ಕೊಡುತ್ತಾರೆ. ಗಾಡಿಯ ಸ್ವಂತ ಹಾನಿಯ ವಿಮೆ ಬೇರೆ, ಅದನ್ನು ಪ್ರತಿ ವರ್ಷ ನೋಡಿಕೊಳ್ಳಬೇಕು. ಕ್ಲೇಮ್ ಇಲ್ಲದ ವರ್ಷಗಳಿಗೆ ಶೇ 20ರಿಂದ ಶುರುವಾಗಿ ಶೇ 50ರವರೆಗೆ ರಿಯಾಯಿತಿ ಬೆಳೆಯುತ್ತದೆ, ಆದ್ದರಿಂದ ಸಣ್ಣ ಗೀರಿಗೆಲ್ಲ ಕ್ಲೇಮ್ ಮಾಡಬೇಡಿ. ಹೊಸ ಗಾಡಿಗೆ ಮೊದಲ ವರ್ಷ ಹೊಗೆ ತಪಾಸಣೆ ಪತ್ರ ಬೇಡ, ನಂತರ ವರ್ಷಕ್ಕೊಮ್ಮೆ. ಆರ್‌ಸಿ 15 ವರ್ಷಕ್ಕೆ, ಅದಾದ ಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು. ಹದಿನೈದು ವರ್ಷಕ್ಕೆ ಕಾರು ಸಾಯುವುದಿಲ್ಲ, ನೋಡಿಕೊಂಡವರಿಗೆ ಅದು ಮುಂದೆಯೂ ಓಡುತ್ತದೆ.

ಇಷ್ಟೆಲ್ಲ ನೆನಪಿಡುವುದು ಹೇಗೆ ಎಂದು ಹೊಸಬರು ಕೇಳುತ್ತಾರೆ. ನಮ್ಮ ಕಡೆ ಅಮಾವಾಸ್ಯೆಗೊಮ್ಮೆ ಗಾಡಿ ತೊಳೆದು, ನಿಂಬೆಹಣ್ಣು ಇಟ್ಟು, ಕಾಯಿ ಒಡೆಯುವ ರೂಢಿ ಇದೆಯಲ್ಲ, ಅದೇ ಸಾಕು. ಕಾಯಿ ಒಡೆಯುವ ಮುಂಚೆ, ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್ ಮೂರರ ಮಟ್ಟ ನೋಡಿ, ಐದೂ ಟೈರಿನ ಹವಾ ನೋಡಿಸಿ, ತಾರೀಖು ಹಾಕಿ ಒಂದು ವಹಿಯಲ್ಲಿ ಬರೆಯಿರಿ. ಗಾಡಿ ಓಡಿಸುವ ಮಗಳೋ ಸೊಸೆಯೋ ಮನೆಯಲ್ಲಿದ್ದರೆ ಅವರಿಗೂ ಕಲಿಸಿ. ಕಾಲು ಗಂಟೆಯ ಕೆಲಸ, ಬರುವ ಅಮಾವಾಸ್ಯೆಯಿಂದಲೇ ಶುರು ಮಾಡಿ.